ಜಿರಾಫೆ ಗುರುತಿನ ಅಂಗಡಿ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಿಗೆ ಬಂದಿಳಿದ ಹೊಸತರಲ್ಲೇ ಪ್ರಶ್ನೆಗಳ ಗಂಟು ಬಿಚ್ಚಿದ್ದೀರಿ. ಕಾರಿನಲ್ಲಿ ಮಗುವನ್ನು ಕೂರಿಸುವ ಕಾರ್ ಸೀಟಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ದೊಡ್ಡದು: "ಮಗಳಿಗೆ ನಾಲ್ಕು ವರ್ಷ. ಇಲ್ಲಿ ಕಡಲೆಕಾಯಿ ಪರಿಷೆ ಇಲ್ಲ, ಬೀದಿ ಕೊನೆಯ ಶೆಟ್ಟರ ಅಂಗಡಿ ಇಲ್ಲ. ಬರೀ ಪಾರ್ಕಿಂಗ್ ಜಾಗ. ಇವಳಿಗೆ ಬಾಲ್ಯದ ನೆನಪೆಂದು ಏನು ಉಳಿಯುತ್ತದೆ ಅಕ್ಕಾ?"

ಆ ಪಾರ್ಕಿಂಗ್ ಜಾಗವೇ ಉಳಿಯುತ್ತದೆ. ಬೇಸರ ಮಾಡಿಕೊಳ್ಳಬೇಡಿ, ನಿಜ ಹೇಳುತ್ತಿದ್ದೇನೆ. ಇಲ್ಲೇ ಹುಟ್ಟಿದ ನನ್ನ ಮಗನ ಪಾಲಿಗೆ ಪೇಟೆಬೀದಿ, ಜಾತ್ರೆ ಎಲ್ಲವೂ ಟಾಯ್ಸ್ ಆರ್ ಅಸ್ ಎಂಬ ಆಟಿಕೆ ಅಂಗಡಿಯೇ ಆಗಿತ್ತು. ಜೆಫ್ರಿ ಎಂಬ ಜಿರಾಫೆ ಅದರ ಗುರುತು. ಪ್ರಧಾನ ಕಚೇರಿ ನಮ್ಮ ನ್ಯೂಜೆರ್ಸಿಯ ವೇಯ್ನ್‌ನಲ್ಲೇ ಇತ್ತು. ಯುದ್ಧದಿಂದ ಮರಳಿದ ಚಾರ್ಲ್ಸ್ ಲಜಾರಸ್ 1948ರಲ್ಲಿ ವಾಷಿಂಗ್ಟನ್‌ನಲ್ಲಿ ಮಕ್ಕಳ ಪೀಠೋಪಕರಣ ಮಾರಲು ಕುಳಿತವರು. ತೊಟ್ಟಿಲು ಕೊಂಡವರು ಮತ್ತೆ ಬರುವುದಿಲ್ಲ, ಆಟಿಕೆ ಕೊಂಡವರು ಅದು ಮುರಿದೊಡನೆ ಬರುತ್ತಾರೆ ಎಂಬುದನ್ನು ಬೇಗ ಕಂಡುಕೊಂಡರು. 1957ರಲ್ಲಿ ಅಲ್ಲೇ ಹತ್ತಿರದ ರಾಕ್‌ವಿಲ್‌ನಲ್ಲಿ ಬರೀ ಆಟಿಕೆಗಳ ಮಳಿಗೆ ತೆರೆದರು. ನಮ್ಮ ಶೆಟ್ಟರಿಗೇನೂ ಕಡಿಮೆಯ ಬುದ್ಧಿಯಲ್ಲ!

ಊರಿನಿಂದ ಯಾರೇ ಬರಲಿ, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿದ್ದ ಅದರ ಮಳಿಗೆಗೆ ಕರೆದೊಯ್ಯುವುದು ಆಗ ನಮ್ಮಲ್ಲಿ ಕಡ್ಡಾಯವಾಗಿತ್ತು. ಒಳಗೆ 60 ಅಡಿ ಎತ್ತರದ ಜೈಂಟ್ ವ್ಹೀಲ್. ನಮ್ಮ ಅತ್ತೆಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊಮ್ಮಗನ ಪಕ್ಕದಲ್ಲಿ ಕುಳಿತು ಒಂದು ಸುತ್ತು ಮುಗಿಸಿ ಇಳಿದವರೇ, "ರಂಕಲರಾಟೆಗೂ ಸೂರು ಹಾಕಿದ್ದಾರಲ್ಲೇ" ಎಂದರು. ಆ ಮಳಿಗೆ 2015ರ ಕೊನೆಗೆ ಮುಚ್ಚಿತು.

ಅಮೆರಿಕದ ಉಳಿದ ಮಳಿಗೆಗಳು 2018ರಲ್ಲಿ. ಅಂತರ್ಜಾಲದ ವ್ಯಾಪಾರ ಅದನ್ನು ನುಂಗಿತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಮಾತು ಎನ್ನಿಸುತ್ತದೆ. 2005ರಲ್ಲಿ ಹೂಡಿಕೆ ಸಂಸ್ಥೆಗಳು ಸುಮಾರು 660 ಕೋಟಿ ಡಾಲರಿಗೆ ಕಂಪನಿಯನ್ನು ಕೊಂಡಾಗ ಆ ಹಣದ ಬಹುಪಾಲು ಸಾಲವಾಗಿ ಕಂಪನಿಯ ತಲೆಯ ಮೇಲೆಯೇ ಕುಳಿತಿತು. ವರ್ಷಕ್ಕೆ ಸುಮಾರು 40 ಕೋಟಿ ಡಾಲರ್ ಸಾಲಕ್ಕೇ ಹೋದರೆ ಅಂಗಡಿಗೆ ಸುಣ್ಣಬಣ್ಣ ಬಳಿಸುವುದು ಯಾವುದರಲ್ಲಿ? 2017ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ, ಮರುವರ್ಷ ಮಾರ್ಚ್‌ನಲ್ಲಿ ಇಲ್ಲಿನ ಎಲ್ಲವನ್ನೂ ಮುಚ್ಚುವ ಘೋಷಣೆ. ಅದಾದ ವಾರದಲ್ಲೇ ಲಜಾರಸ್ ತೀರಿಕೊಂಡರು, 94ರ ವಯಸ್ಸಿನಲ್ಲಿ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು.

ಕಾಲೇಜಿನಿಂದ ಬಂದಿದ್ದ ಮಗ, ಆರಡಿ ಆಳು, ಮುಚ್ಚುವ ಮುನ್ನ ಒಮ್ಮೆ ಹೋಗಿ ಬರೋಣ ಎಂದ. ಕಪಾಟುಗಳಿಗೂ ಬೆಲೆಚೀಟಿ ಅಂಟಿಸಿದ್ದರು. ಲೆಗೊ ಇರುತ್ತಿದ್ದ ಸಾಲಿನಲ್ಲಿ ಹರಿದ ರಟ್ಟಿನ ಡಬ್ಬಗಳು, ಜೋಡಿ ತಪ್ಪಿದ ಗೊಂಬೆಯ ಚಪ್ಪಲಿ. ನನಗೆ ಅಲ್ಲಿ ನೆನಪಾಗಿದ್ದು ಅವನ ಹಟ, ನೆಲದ ಮೇಲೆ ಹೊರಳಾಟ. ಅವನಿಗೆ ನೆನಪಾಗಿದ್ದೇ ಬೇರೆ. "ಪ್ರತಿ ಡಬ್ಬವನ್ನೂ ತಿರುಗಿಸಿ ನೋಡಿ ನೀನು ತುಟಿ ಅಲ್ಲಾಡಿಸುತ್ತಿದ್ದೆಯಲ್ಲ ಅಮ್ಮಾ, ಶ್ಲೋಕ ಹೇಳಿಕೊಳ್ಳುತ್ತಿದ್ದೀಯ ಎಂದುಕೊಂಡಿದ್ದೆ." ನಾನು ಡಾಲರ್ ಬೆಲೆಯನ್ನು ರೂಪಾಯಿಗೆ ತರಲು ನಲವತ್ತೈದರಿಂದ ಗುಣಿಸುತ್ತಿದ್ದೆ! ಆ ಲೆಕ್ಕ ಹಾಕಿದ ದಿನಗಳೆಲ್ಲ ಅವನಿಗೆ ಅಮ್ಮನ ಭಕ್ತಿಯಾಗಿ ಉಳಿದಿವೆ.

ಆದ್ದರಿಂದ ಮಗಳನ್ನು ವಾರವಾರವೂ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಸಾರ್ವಜನಿಕ ಗ್ರಂಥಾಲಯದ ಕಥೆ ಹೇಳುವ ಹೊತ್ತಾದರೂ ಸರಿ, ಓಕ್ ಟ್ರೀ ರಸ್ತೆಯ ದಿನಸಿ ಅಂಗಡಿಯಾದರೂ ಸರಿ. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಿಗೂ ಹೋಗಿ. ಆದರೆ ವರ್ಷಕ್ಕೊಮ್ಮೆ ಬರುವ ಹಬ್ಬದ ಮೇಲೆಯೇ ಎಲ್ಲ ಭಾರ ಹಾಕಬೇಡಿ. ಅವಳು ಅಲ್ಲಿಂದ ಏನನ್ನು ಹೆಕ್ಕಿಕೊಳ್ಳುತ್ತಾಳೋ ಅದು ನಿಮ್ಮ ಕೈಯಲ್ಲಿಲ್ಲ.

ಇನ್ನು ಕಾರ್ ಸೀಟು. ನ್ಯೂಜೆರ್ಸಿಯಲ್ಲಿ ಎಂಟು ವರ್ಷ ತುಂಬುವವರೆಗೆ, ಇಲ್ಲವೇ 57 ಇಂಚು ಎತ್ತರವಾಗುವವರೆಗೆ, ಮಗು ತನ್ನ ತೂಕಕ್ಕೆ ತಕ್ಕ ಸೀಟಿನಲ್ಲಿ ಹಿಂಬದಿಯಲ್ಲೇ ಕೂರಬೇಕು. ಸ್ನೇಹಿತರು ಹಳೆಯದನ್ನು ಕೊಡುತ್ತಾರೆ ಎಂದಿರಿ. ಸೀಟಿನ ತಳದಲ್ಲೋ ಬೆನ್ನಲ್ಲೋ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ, ನೋಡಿ. ಅಪಘಾತ ಕಂಡ ಸೀಟಾದರೆ ಬೇಡವೇ ಬೇಡ. ಇದೊಂದಕ್ಕೆ ಮಾತ್ರ ರೂಪಾಯಿ ಲೆಕ್ಕ ಹಾಕದೆ ಹೊಸದು ಕೊಳ್ಳಿ.