ವುಲ್ಫ್ ಹತ್ತಿರ ಮತ್ತೆ ಮತ್ತೆ ಯಾಕೆ?

ಪ್ರಶ್ನೆ: ನಾನು ಕಥೆ ಬರೆಯುತ್ತೇನೆ. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಅವರ ಕಾದಂಬರಿ ಹಿಡಿದರೆ ತಲೆಬುಡ ತಿಳಿಯುವುದಿಲ್ಲ. ಆದರೂ ಬರೆಯುವವರಿಗೆ ಅವರೇ ಸ್ಫೂರ್ತಿ ಅನ್ನುತ್ತಾರಲ್ಲ, ಯಾಕೆ?

ಉತ್ತರ: ಕಥೆ ಹುಡುಕಿಕೊಂಡು ಹೋದರೆ ಕೈಗೆ ಸಿಗುವುದು ಕಡಿಮೆಯೇ ಬಿಡಿ. 1927ರ ‘ಟು ದ ಲೈಟ್‌ಹೌಸ್’ ತೆಗೆದುಕೊಳ್ಳಿ. ನಡುಭಾಗದಲ್ಲಿ ಖಾಲಿ ಮನೆಯ ಧೂಳು, ಗಾಳಿ, ಕತ್ತಲೆಯ ಬಗ್ಗೆ ಪುಟಗಟ್ಟಲೆ ಬರೆದು, ಅಲ್ಲಿಯವರೆಗೆ ಕಾದಂಬರಿಯನ್ನೇ ಹೊತ್ತಿದ್ದ ಮಿಸೆಸ್ ರಾಮ್ಸೆ ಸತ್ತ ಸುದ್ದಿಯನ್ನು ಮಾತ್ರ ಕಂಸದೊಳಗೆ ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಎಂಥ ಧೈರ್ಯ ಅಲ್ವಾ! ದೊಡ್ಡ ಘಟನೆಗೆ ಜಾಸ್ತಿ ಜಾಗ ಕೊಡಲೇಬೇಕು ಅನ್ನುವ ನಮ್ಮ ಅಭ್ಯಾಸ ಅಲ್ಲಿಗೆ ಮುರಿಯುತ್ತದೆ. 1931ರ ‘ದ ವೇವ್ಸ್’ನಲ್ಲಂತೂ ಹೆಚ್ಚುಕಡಿಮೆ ಎಲ್ಲವೂ ಆರು ಜನರ ಒಳಮಾತು. (ಅದು ನನಗೂ ಸ್ವಲ್ಪ ಕಷ್ಟವೇ.) ಶೈಲಿ ನಕಲು ಮಾಡಬೇಡಿ. ಅರ್ಥವಾಗದ ಪುಟ ಬಂದರೆ ಸುಮ್ನೆ ದಾಟಿ ಮುಂದೆ ಹೋಗಿ.