ಹುಂಡಿ ಒಡೆದು ಕೊಟ್ಟ ಮಗ

ಪ್ರಶ್ನೆ: ಸಾಲ ತೀರಿಸಲಾಗದೆ ಮೈಸೂರಿನ ಮನೆ ಬಿಟ್ಟು ಮಂಡ್ಯದ ತವರಿಗೆ ಬಂದಿದ್ದೇವೆ. 9 ವರ್ಷದ ಮಗ ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ. ಮೊನ್ನೆ ಹುಂಡಿ ಒಡೆದು ಚಿಲ್ಲರೆಯನ್ನೆಲ್ಲ ನನ್ನ ಮಡಿಲಿಗೆ ಸುರಿದ. ಹಳೆಯ ಶಾಲೆ ಶುಲ್ಕ ಬಾಕಿಯೆಂದು ಟಿಸಿ ಕೊಡುತ್ತಿಲ್ಲ.

ಉತ್ತರ: ಆ ದುಡ್ಡನ್ನು ಅವನಿಗೇ ವಾಪಸ್ ಕೊಡಿ. ‘ಸಾಲ ನಿನ್ನಿಂದ ಆದದ್ದಲ್ಲ, ತೀರಿಸೋದು ನಮ್ಮ ಕೆಲಸ’ ಎಂದು ಸ್ಪಷ್ಟವಾಗಿ ಹೇಳಿ. ‘ಏನೂ ಆಗಿಲ್ಲ’ ಎನ್ನಬೇಡಿ. ಅರ್ಧ ಕೇಳಿಸಿಕೊಂಡ ಮಗು ಮಿಕ್ಕರ್ಧವನ್ನು ಇನ್ನೂ ಭಯಂಕರವಾಗಿ ಕಲ್ಪಿಸಿಕೊಳ್ಳುತ್ತದೆ. ಸಾಲ ಕೊಟ್ಟವರು ಬಂದಾಗ ‘ಅಪ್ಪ ಇಲ್ಲ’ ಎಂದು ಅವನಿಂದ ಹೇಳಿಸುವುದಂತೂ ಬೇಡವೇ ಬೇಡ. ಊಟ, ನಿದ್ದೆಯ ಹೊತ್ತು ಮೊದಲಿನಂತೆಯೇ ಇರಲಿ. ಹಾಸಿಗೆ ಒದ್ದೆಯಾದರೆ ಬೈಯದೆ, ಸದ್ದಿಲ್ಲದೆ ಬದಲಿಸಿ. ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ; ಮೂತ್ರದ ಸೋಂಕು, ಸಕ್ಕರೆ ಕಾಯಿಲೆಯಲ್ಲೂ ಹೀಗಾಗುತ್ತದೆ. ಅತಿ ಬಾಯಾರಿಕೆ, ತೂಕ ಇಳಿತ ಕಂಡರೆ ಅದೇ ದಿನ ಹೋಗಿ.

ಟಿಸಿಗಾಗಿ ಕಾಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಒಪ್ಪದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ, ಪುಸ್ತಕ, ಸಮವಸ್ತ್ರ ಉಚಿತ. ಮಗ ಮಂಕಾಗಿಯೇ ಉಳಿದರೆ, ಅಥವಾ ನಿಮಗೇ ತಡೆಯಲಾಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.