ಕರ್ಕ್ಯುಮಿನ್ ಕ್ಯಾಪ್ಸೂಲ್ ಟಿಎಲ್‌ಸಿಯಲ್ಲಿ ಮೂರು ಸ್ಪಾಟ್ ಕೊಟ್ಟರೆ ಅದು ಕಲಬೆರಕೆಯೇ?

ನೀವು ಕೇಳಿದ್ದು ಇಷ್ಟು: ಬಿ.ಫಾರ್ಮ ಪ್ರಾಜೆಕ್ಟಿಗೆ ಒಂದು ಪ್ಯಾರಾಸಿಟಮಾಲ್ ಮಾತ್ರೆ, ಒಂದು ಕರ್ಕ್ಯುಮಿನ್ ಕ್ಯಾಪ್ಸೂಲ್ ತಗೊಂಡು ಟಿಎಲ್‌ಸಿ (ಸಿಲಿಕಾ ಪುಡಿ ಸವರಿದ ಪ್ಲೇಟಿನ ಬುಡದಲ್ಲಿ ಮಾದರಿಯ ಹನಿ ಹಾಕಿ, ದ್ರಾವಕ ಏರಿಸಿ, ಅದರೊಳಗಿನ ವಸ್ತುಗಳನ್ನು ಬೇರೆ ಬೇರೆ ಸ್ಪಾಟುಗಳಾಗಿ ಬಿಡಿಸುವ ಪರೀಕ್ಷೆ) ಮಾಡಿದಿರಿ. ಮಾತ್ರೆ ಒಂದೇ ಸ್ಪಾಟ್ ಕೊಟ್ಟಿತು, ಕ್ಯಾಪ್ಸೂಲ್ ಮೂರು. ಸ್ಪಾಟ್ ಎಷ್ಟು ಮೇಲೇರಿತು ಎಂದು ಹೇಳುವ ಆರ್‌ಎಫ್ ಪುಸ್ತಕದ ಸಂಖ್ಯೆಗೆ ಹೊಂದುತ್ತಿಲ್ಲ. ಮೇಲ್ಗಡೆ ಮಸುಕಾದ ನೀಲಿ ಪಟ್ಟಿಯೊಂದು ಬೇರೆ. ಹಾಗಾದರೆ ಮಾತ್ರೆ ಶುದ್ಧ, ಕ್ಯಾಪ್ಸೂಲ್ ಕಲಬೆರಕೆ ಎಂದು ರಿಪೋರ್ಟಿನಲ್ಲಿ ಬರೆಯಬಹುದೇ?

ಬರೆಯಬೇಡಿ, ಎರಡೂ ತಪ್ಪಾದೀತು. ನಾನು ಮೊದಲು ಮಾತ್ರೆ ಮಾಡುವ ಕಂಪನಿಯೊಂದರ ಕ್ವಾಲಿಟಿ ಕಂಟ್ರೋಲ್‌ನಲ್ಲಿದ್ದೆ, ಈಗ ಗಿಡಮೂಲಿಕೆ ಎಕ್ಸ್‌ಟ್ರಾಕ್ಟ್ ಪರೀಕ್ಷೆ ಮಾಡುತ್ತೇನೆ. ಎರಡೂ ಕಡೆ ಹೊಸಬರು ಎಡವುವುದು ಇಲ್ಲೇ.

ಅರಿಶಿನದಲ್ಲಿ ಮೂರು ಸ್ಪಾಟ್ ಬರಲೇಬೇಕು. ಅದರ ಹಳದಿ ಒಂದೇ ವಸ್ತುವಿನದಲ್ಲ. ಕರ್ಕ್ಯುಮಿನ್, ಡಿಮೆಥಾಕ್ಸಿಕರ್ಕ್ಯುಮಿನ್, ಬಿಸ್‌ಡಿಮೆಥಾಕ್ಸಿಕರ್ಕ್ಯುಮಿನ್ ಎಂಬ ಮೂವರು ಅಣ್ಣತಮ್ಮಂದಿರದು. ಡಬ್ಬದ ಮೇಲೆ ‘ಶೇ 95’ ಎಂದು ಬರೆದಿರುವುದು ಸಾಮಾನ್ಯವಾಗಿ ಈ ಮೂವರನ್ನೂ ಕೂಡಿಸಿದ ಲೆಕ್ಕ. ನೀವು ಬಳಸಿದ ಕ್ಲೋರೋಫಾರ್ಮ್–ಮೆಥನಾಲ್ 95:5 ದ್ರಾವಕದಲ್ಲಿ ಕರ್ಕ್ಯುಮಿನ್ ಎಲ್ಲಕ್ಕಿಂತ ಮೇಲಿರುತ್ತದೆ, ಬಿಸ್ ಎಲ್ಲಕ್ಕಿಂತ ಕೆಳಗೆ. ವೈವಾದಲ್ಲಿ ಯಾಕೆ ಎಂದು ಖಂಡಿತ ಕೇಳುತ್ತಾರೆ. ಕರ್ಕ್ಯುಮಿನ್‌ನ ಎರಡೂ ತುದಿಯ ಫೀನಾಲ್ ಓಎಚ್ ಪಕ್ಕದಲ್ಲೇ ಒಂದೊಂದು ಮೆಥಾಕ್ಸಿ ಕೂತಿದೆ. ಓಎಚ್ ತನ್ನ ಹೈಡ್ರೋಜನ್ ಕೈಯನ್ನು ಅದಕ್ಕೇ ಕೊಟ್ಟುಬಿಟ್ಟಿರುವುದರಿಂದ ಸಿಲಿಕಾವನ್ನು ಬಿಗಿಯಾಗಿ ಹಿಡಿಯಲಾರದು. ಒಂದು ಮೆಥಾಕ್ಸಿ ಇಲ್ಲದಿದ್ದರೆ ಒಂದು ಕೈ ಬಿಡುವಾಯಿತು, ಎರಡೂ ಇಲ್ಲದಿದ್ದರೆ ಎರಡು ಕೈ. ಕೈ ಬಿಡುವಾದಷ್ಟೂ ಸಿಲಿಕಾಕ್ಕೆ ಜೋತುಬಿದ್ದು ಸ್ಪಾಟ್ ಹಿಂದುಳಿಯುತ್ತದೆ.

ನಿಮ್ಮ ಕ್ಯಾಪ್ಸೂಲ್ ತೊಳೆದಿಟ್ಟ ಹಾಗೆ ಒಂದೇ ಹಳದಿ ಸ್ಪಾಟ್ ಕೊಟ್ಟಿದ್ದರೆ ನನಗೆ ಅನುಮಾನ ಬರುತ್ತಿತ್ತು. ವೆನಿಲಿನ್‌ನಿಂದ ಕಾರ್ಖಾನೆಯಲ್ಲಿ ತಯಾರಿಸುವ ಸಿಂಥೆಟಿಕ್ ಕರ್ಕ್ಯುಮಿನ್‌ಗೆ ತಮ್ಮಂದಿರು ಇರುವುದಿಲ್ಲ. (ಅರಿಶಿನದಿಂದಲೇ ಶುದ್ಧ ಮಾಡಿ ತೆಗೆದ ಕರ್ಕ್ಯುಮಿನ್ ಕೂಡ ಒಂದೇ ಸ್ಪಾಟ್ ಕೊಡುತ್ತದೆ, ಆದರೆ ಅಗ್ಗದ ಕ್ಯಾಪ್ಸೂಲಿಗೆ ಅದನ್ನು ಯಾರು ತುಂಬುತ್ತಾರೆ?) ಅಸಲಿ ಎಕ್ಸ್‌ಟ್ರಾಕ್ಟಿಗೆ ಸ್ವಲ್ಪ ಸಿಂಥೆಟಿಕ್ ಬೆರೆಸಿದ್ದರೆ ಮಾತ್ರ ಮೂರೂ ಸ್ಪಾಟ್ ಬರುತ್ತವೆ, ಮೇಲಿನದು ತುಸು ದಪ್ಪ ಅಷ್ಟೇ. ಕಣ್ಣಳತೆಗೆ ಅದು ಸಿಗದು. ಅದಕ್ಕೆ ಕಾರ್ಬನ್-14 ಪರೀಕ್ಷೆಯೇ ಆಗಬೇಕು: ಪೆಟ್ರೋಲಿಯಂ ಮೂಲದ ಇಂಗಾಲದಲ್ಲಿ ಅದು ಉಳಿದಿರುವುದಿಲ್ಲ.

ಆರ್‌ಎಫ್ ವಿಷಯಕ್ಕೆ ಬರೋಣ. ಸ್ಪಾಟ್ ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು, ಆಧಾರ್ ನಂಬರ್ ಅಲ್ಲ. ಮಳೆಗಾಲದಲ್ಲಿ ಸಿಲಿಕಾ ತೇವ ಹೀರಿ ಸೋತಿರುತ್ತದೆ, ಸ್ಪಾಟುಗಳು ಮೇಲೇರುತ್ತವೆ. 110 ಡಿಗ್ರಿಯಲ್ಲಿ ಅರ್ಧ ಗಂಟೆ ಪ್ಲೇಟ್ ಒಣಗಿಸಿದರೆ ಮತ್ತೆ ಇಳಿಯುತ್ತವೆ. ಚೇಂಬರಿನೊಳಗೆ ಫಿಲ್ಟರ್ ಪೇಪರ್ ಇಟ್ಟು ಆವಿ ತುಂಬಲು ಬಿಟ್ಟಿರೋ ಇಲ್ಲವೋ ಅದೂ ಲೆಕ್ಕಕ್ಕೆ ಬರುತ್ತದೆ.

ನನ್ನದೇ ಕಥೆ ಕೇಳಿ. ಮೆಥನಾಲ್ ಇಲ್ಲದೆ ಟಾಲ್ಯೂಯಿನ್, ಕ್ಲೋರೋಫಾರ್ಮ್ ಮಾತ್ರ ಬೇಡುವ ಒಂದು ಮೆಥಡ್‌ನಲ್ಲಿ ಇದ್ದಕ್ಕಿದ್ದಂತೆ ಎಲ್ಲ ಸ್ಪಾಟೂ ಕೆಳಗೆ ಕುಸಿದವು. ಆ ಪ್ಲೇಟಿನಲ್ಲಿ ನಾನು ಸ್ಟ್ಯಾಂಡರ್ಡ್ (ಏನೆಂದು ಖಚಿತವಾಗಿ ಗೊತ್ತಿರುವ, ಹೋಲಿಕೆಯ ಮಾದರಿ) ಹಾಕಿರಲಿಲ್ಲ, ನಿನ್ನೆಯ ಪ್ಲೇಟ್ ಇದೆಯಲ್ಲ ಎಂಬ ಸೋಮಾರಿತನ. ಎರಡು ದಿನ ಎಕ್ಸ್‌ಟ್ರಾಕ್ಟನ್ನೇ ಬೈದು, ಮಾಲು ಕೊಟ್ಟವರಿಗೆ ಖಾರವಾದ ಮೇಲ್ ಕೂಡ ಹೋಗಿತ್ತು. ಮೂರನೇ ದಿನ ಸ್ಟ್ಯಾಂಡರ್ಡ್ ಹಾಕಿದರೆ ಅದೂ ಅಷ್ಟೇ ಕೆಳಗೆ! ಬದಲಾದದ್ದು ಕ್ಲೋರೋಫಾರ್ಮ್ ಬಾಟಲಿ. ಕ್ಲೋರೋಫಾರ್ಮ್ ಕೆಡದಿರಲೆಂದು ಸುಮಾರು ಶೇ 1ರಷ್ಟು ಎಥನಾಲ್ ಸೇರಿಸುವುದುಂಟು. ಕೆಲವರು ಅದರ ಬದಲು ಅಮೈಲೀನ್ ಹಾಕುತ್ತಾರೆ. ಹೊಸ ಬಾಟಲಿ ಅಮೈಲೀನಿನದು. ಸ್ಪಾಟನ್ನು ಮೇಲಕ್ಕೆ ತಳ್ಳುತ್ತಿದ್ದ ಆ ಚಿಟಿಕೆ ಎಥನಾಲ್ ಅದರಲ್ಲಿ ಇರಲಿಲ್ಲ. ಆಮೇಲೆ ಬರೆದ ಕ್ಷಮಾಪಣೆ ಮೇಲ್‌ನ ನೆನಪಿಂದ ಈಗಲೂ ಕಿವಿ ಬಿಸಿಯಾಗುತ್ತದೆ.

ಹಾಗಾಗಿ ಹೋಲಿಸುವುದಿದ್ದರೆ ಅದೇ ಪ್ಲೇಟಿನ ಪಕ್ಕದ ಸ್ಪಾಟಿಗೆ ಹೋಲಿಸಿ, ಪುಸ್ತಕಕ್ಕಲ್ಲ. ಒಂದು ಕಡೆ ಸ್ಟ್ಯಾಂಡರ್ಡ್, ಒಂದು ಕಡೆ ಕ್ಯಾಪ್ಸೂಲ್, ನಡುವೆ ಎರಡನ್ನೂ ಒಂದರ ಮೇಲೊಂದು ಹಾಕಿದ ಸ್ಪಾಟ್. ನಡುವಿನದು ಸೀಳದೆ, ಉದ್ದವಾಗದೆ ಏರಿದರೆ ಎರಡೂ ಒಂದೇ ಇರಬಹುದು. ‘ಇರಬಹುದು’ ಅಷ್ಟೇ, ಬೇರೊಂದು ದ್ರಾವಕದಲ್ಲೂ ಜೊತೆಯಾಗಿ ಏರಿದರೆ ಧೈರ್ಯ ಹೆಚ್ಚುತ್ತದೆ. ಕಾಲೇಜಿನಲ್ಲಿ ಸ್ಟ್ಯಾಂಡರ್ಡ್ ಕೊಡಿಸದಿದ್ದರೆ ಇಡೀ ಅರಿಶಿನ ಕೊಂಬು ತಂದು (ಪುಡಿ ಬೇಡ) ಕುಟ್ಟಿ ಮೆಥನಾಲ್‌ನಲ್ಲಿ ನೆನೆಸಿ. ಚಾಮರಾಜನಗರದ ಕಡೆ ನೆಂಟರಿದ್ದರೆ ಹೊಲದಿಂದಲೇ ತರಿಸಿಕೊಳ್ಳಿ, ಅದಕ್ಕಿಂತ ನಂಬಿಗಸ್ತ ಸಾಕ್ಷಿ ಇಲ್ಲ. ಹಾಗೆ ನೋಡಿದರೆ ಈ ವಿದ್ಯೆ ಹುಟ್ಟಿದ್ದೇ ಗಿಡಮೂಲಿಕೆಗಾಗಿ: 1938ರಲ್ಲಿ ಖಾರ್ಕಿವ್‌ನಲ್ಲಿ ಇಜ್ಮೈಲೋವ್ ಮತ್ತು ಶ್ರೈಬರ್ ಗಾಜಿನ ಮೇಲೆ ಅಲ್ಯುಮಿನಾ ಸವರಿ ಔಷಧಿ ಸಸ್ಯಗಳ ಟಿಂಕ್ಚರ್ ಹನಿ ಹಾಕಿ ನೋಡಿದರು. ಇಂದಿನ ರೂಪಕ್ಕೆ ಅದನ್ನು ತಂದದ್ದು 1950ರ ದಶಕದಲ್ಲಿ ಜರ್ಮನಿಯ ಎಗಾನ್ ಸ್ಟಾಲ್.

ಈಗ ಆ ‘ಶುದ್ಧ’ ಮಾತ್ರೆ. ಎಫ್254 ಪ್ಲೇಟ್ ಯುವಿ ಅಡಿ ಹಸಿರಾಗಿ ಹೊಳೆಯುತ್ತದೆ, 254 ನ್ಯಾನೋಮೀಟರ್ ಬೆಳಕನ್ನು ಹೀರುವ ವಸ್ತು ಇದ್ದಲ್ಲಿ ಮಾತ್ರ ಕಪ್ಪು ಕಾಣುತ್ತದೆ. ಮಾತ್ರೆಯಲ್ಲಿರುವ ಸ್ಟಾರ್ಚ್, ಲ್ಯಾಕ್ಟೋಸ್ ಬೆಳಕು ಹೀರುವುದಿಲ್ಲ, ಬುಡ ಬಿಟ್ಟು ಏಳುವುದೂ ಇಲ್ಲ. ಒಂದು ಸ್ಪಾಟ್ ಎಂದರೆ ನಿಮಗೆ ಕಂಡದ್ದು ಒಂದು, ಅಷ್ಟೇ. ಕಲ್ಮಶ ಹುಡುಕಲು ಫಾರ್ಮಕೋಪಿಯಾಗಳು (ಔಷಧದ ಗುಣಮಟ್ಟ ಹೇಳುವ ಅಧಿಕೃತ ಗ್ರಂಥಗಳು) ಮಾಡುವ ಉಪಾಯ ಸೊಗಸಾಗಿದೆ: ಮಾದರಿಯನ್ನು ಬೇಕೆಂದೇ ದಟ್ಟವಾಗಿ ಹಾಕಿ, ಪಕ್ಕದಲ್ಲಿ ಅದನ್ನೇ ಶೇ 0.5 ಅಥವಾ ಶೇ 1ಕ್ಕೆ ತೆಳುಮಾಡಿ ಹಾಕುವುದು. ದಟ್ಟ ಸಾಲಿನ ಯಾವ ಚಿಲ್ಲರೆ ಸ್ಪಾಟೂ ಆ ತೆಳು ಸ್ಪಾಟಿಗಿಂತ ಗಾಢವಾಗಿರಬಾರದು. ಪ್ಯಾರಾಸಿಟಮಾಲ್‌ನ 4-ಅಮಿನೋಫೀನಾಲ್‌ನಂಥದ್ದಕ್ಕೆ ಮಿತಿ ತೀರಾ ಕಡಿಮೆ, ಅದನ್ನು ಎಚ್‌ಪಿಎಲ್‌ಸಿ ಎಂಬ ಇನ್ನೂ ಸೂಕ್ಷ್ಮವಾದ ಯಂತ್ರಕ್ಕೆ ಬಿಡಿ.

ಪ್ರಮಾಣಕ್ಕೂ ಇದೇ ಜಾಣತನ. ನಕಲಿ ಔಷಧ ಪತ್ತೆಗೆ ಬಡ ದೇಶಗಳಲ್ಲಿ ಬಳಸುವ ಜಿಪಿಎಚ್‌ಎಫ್ ಮಿನಿಲ್ಯಾಬ್ ಎಂಬ ಪೆಟ್ಟಿಗೆಯಲ್ಲಿ ಮಾತ್ರೆಯ ಸ್ಪಾಟನ್ನು ಶೇ 100 ಮತ್ತು ಶೇ 80ರ ಎರಡು ಸ್ಟ್ಯಾಂಡರ್ಡ್ ನಡುವೆ ಇಟ್ಟು ನೋಡುತ್ತಾರೆ. ಶೇ 80ರದ್ದಕ್ಕಿಂತ ಮಂಕಾಗಿದ್ದರೆ ಮಾತ್ರೆ ಅನುಮಾನದ್ದು. ಇದನ್ನು ನಿಮ್ಮ ಪ್ರಾಜೆಕ್ಟಿನಲ್ಲಿ ಒಂದೇ ದಿನದಲ್ಲಿ ಮಾಡಬಹುದು, ಮಾಡಿ.

ಒಂದು ಎಚ್ಚರಿಕೆ: ಬಣ್ಣಕ್ಕೆಂದು ಅರಿಶಿನಕ್ಕೆ ಬೆರೆಸುವ ಲೆಡ್ ಕ್ರೋಮೇಟ್ ಮೆಥನಾಲ್‌ನಲ್ಲಿ ಕರಗುವುದೇ ಇಲ್ಲ, ಟಿಎಲ್‌ಸಿಗೆ ಅದು ಕಾಣುವುದಿಲ್ಲ. ಆದ್ದರಿಂದ ‘ಕಲಬೆರಕೆ ಇಲ್ಲ’ ಎಂದೂ ಬರೆಯಬೇಡಿ. ‘ಕ್ಯಾಪ್ಸೂಲಿನ ಮೂರು ಸ್ಪಾಟುಗಳು ಕೊಂಬಿನ ಮೂರಕ್ಕೆ ಸರಿಹೊಂದಿದವು’ ಎಂದು ಬರೆದರೆ ಯಾವ ಎಕ್ಸ್‌ಟರ್ನಲ್ ಪರೀಕ್ಷಕರೂ ಅಲ್ಲಾಡಿಸಲಾರರು. ಕರ್ಕ್ಯುಮಿನ್ ಬೆಳಕಿಗೆ ಮಾಸುತ್ತದೆ, ಪ್ಲೇಟ್ ಒಣಗಿದ ಕೂಡಲೇ ಫೋಟೋ ತೆಗೆದಿಡಿ.

ಆ ಮಸುಕು ನೀಲಿ ಪಟ್ಟಿ ಎಲ್ಲ ಸಾಲಿನಲ್ಲೂ ಒಂದೇ ಎತ್ತರದಲ್ಲಿದೆ, ಏನೂ ಹಾಕದ ಜಾಗದಲ್ಲೂ ಇದೆ ಅಂದಿರಿ. ಸ್ಪಾಟ್ ಹಾಕುವ ಬೇಸ್‌ಲೈನ್ ಎಳೆದದ್ದು ಬಾಲ್‌ಪೆನ್ನಿನಲ್ಲಿ ತಾನೆ? ಅದರ ಶಾಯಿಯೇ ದ್ರಾವಕದ ಜೊತೆ ಏರಿದೆ. ಮುಂದಿನ ಸಲ ಪೆನ್ಸಿಲ್.